ಹಳೇ ತ್ರೀ ನಾಟ್ ತ್ರೀಗೆ ಜಿಂಕೆ ಬೇಟೆಯ ತೋಟಾ ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಬೇಟೆಯ ಲೈಸೆನ್ಸ್ ಆಗಿದೆ, ನವೆಂಬರ್ ಕೊನೆಗೆ ರೈಫಲ್ ಸೀಸನ್ ಶುರು. ಕೈಯಲ್ಲಿರುವುದು ಲೀ-ಎನ್‌ಫೀಲ್ಡ್ ನಂಬರ್ 4 ಮಾರ್ಕ್ 1, ಅಂದರೆ .303 (ತ್ರೀ ನಾಟ್ ತ್ರೀ) ತೋಟಾದ ಹಳೇ ಬ್ರಿಟಿಷ್ ಸೇನಾ ರೈಫಲ್. ಚಿಕ್ಕಂದಿನಲ್ಲಿ ನಮ್ಮೂರ ಠಾಣೆಯ ಪೇದೆಯ ಹೆಗಲ ಮೇಲೆ ತ್ರೀ ನಾಟ್ ತ್ರೀ ನೋಡಿದ್ದೆ. ಆ ಆಸೆಗೇ ಇದನ್ನು ಕೊಂಡೆ.

150 ಗ್ರೇನ್ (ಗುಂಡಿನ ತೂಕದ ಅಳತೆ) ಸಾಫ್ಟ್ ಪಾಯಿಂಟ್, ಅಂದರೆ ಮೂತಿ ಮೆತ್ತಗಿದ್ದು ಅರಳುವ ಗುಂಡು, ಹಾಕಿದರೆ 100 ಗಜಕ್ಕೆ ಆರು ಇಂಚು ಚದುರುತ್ತದೆ. ರೈಫಲ್ ಜೊತೆ ಬಂದ ಹಳೇ ಮಿಲಿಟರಿ ತೋಟಾ ಮೂರು ಇಂಚಿನೊಳಗೆ ಬೀಳುತ್ತದೆ. ಆದರೆ ಎರಡು ಸಲ ಕುದುರೆ (ಟ್ರಿಗರ್) ಎಳೆದಾಗ ‘ಟಕ್’ ಅಂದು, ಒಂದು ಕ್ಷಣ ಬಿಟ್ಟು ಹಾರಿತು. ಇದನ್ನೇ ಬೇಟೆಗೆ ಒಯ್ಯಬಹುದಾ?

ಉತ್ತರ:
ಬೇಡ ಸರ್. ಮಿಲಿಟರಿ ಗುಂಡಿಗೆ ಸುತ್ತಲೂ ಗಟ್ಟಿ ಲೋಹದ ಹೊದಿಕೆ. ಅದು ಮೈಯೊಳಗೆ ಅರಳುವುದಿಲ್ಲ. ಜಿಂಕೆ ಗಾಯ ಹೊತ್ತು ಓಡಿಹೋಗಿ ಎಲ್ಲೋ ನರಳಿ ಸಾಯಬಹುದು. ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಅದೇ. ನಿಮ್ಮ ರಾಜ್ಯದ ಕಾನೂನೂ ಜಿಂಕೆಗೆ ಅರಳುವ ಗುಂಡೇ ಬೇಕು ಅನ್ನುತ್ತದೆ. ತಡವಾಗಿ ಹಾರುವ ತೋಟಾ ಅಂತೂ ರೇಂಜಿನಲ್ಲೂ ಬೇಡ. ಮತ್ತೆ ಹಾಗಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಆಮೇಲೆ ಬೋಲ್ಟ್ (ತೋಟಾದ ಹಿಂದೆ ಮುಚ್ಚುವ ಭಾಗ) ತೆರೆಯಿರಿ.

ಇನ್ನು ಚದುರುವ ವಿಷಯ. ಈ ರೈಫಲ್‌ನ ಗುರಿ ನೋಡುವ ಸೈಟನ್ನು ಕೂರಿಸಿದ್ದೇ 174 ಗ್ರೇನಿನ ಮಾರ್ಕ್ 7 ತೋಟಾಕ್ಕೆ. ಅದರ ವೇಗ ಸೆಕೆಂಡಿಗೆ ಸುಮಾರು 2440 ಅಡಿ. ನಿಮ್ಮ 150 ಗ್ರೇನಿನ ಗುಂಡು ಗಿಡ್ಡ. ಸವೆದ ನಳಿಗೆಯಲ್ಲಿ ಅದಕ್ಕೆ ಸರಿಯಾದ ಹಿಡಿತ ಸಿಗುವುದಿಲ್ಲ. 180 ಗ್ರೇನಿನ, ತಳ ಚಪ್ಪಟೆ ಇರುವ ಸಾಫ್ಟ್ ಪಾಯಿಂಟ್ ತಂದು ನೋಡಿ. ಅದರ ವೇಗ ಸುಮಾರು 2460, ಹೆಚ್ಚುಕಡಿಮೆ ಹಳೆಯ ಲೆಕ್ಕವೇ. ಬಿಳಿಬಾಲದ ಜಿಂಕೆಗೆ ಅಷ್ಟು ಸಾಕು.

ಖಾಲಿ ಕೇಸಿಗೆ ಮದ್ದು, ಗುಂಡು ಹಾಕಿ ನೀವೇ ತೋಟಾ ತಯಾರಿಸುವವರಾದರೆ .308 ಇಂಚು ವ್ಯಾಸದ ಗುಂಡು ತರಬೇಡಿ. ಇದಕ್ಕೆ .311 ಅಥವಾ .312 ಬೇಕು. ಹೆಸರಲ್ಲಿ .303 ಇದೆ ಅಂತ ಮೋಸ ಹೋಗುವವರು ಜಾಸ್ತಿ.

ಖಾಲಿ ಕೇಸುಗಳನ್ನೂ ನೋಡಿ. ರಿಮ್ಮಿನ (ಕೇಸಿನ ತಳದ ಅಂಚು) ಸ್ವಲ್ಪ ಮೇಲೆ ಹೊಳೆಯುವ ಗೆರೆ ಸುತ್ತಿಕೊಂಡಿದೆಯಾ? ಇದ್ದರೆ ಅಲ್ಲಿ ಹಿತ್ತಾಳೆ ತೆಳುವಾಗುತ್ತಿದೆ ಅಂತ ಅನುಮಾನ ಪಡಿ, ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ರಿಮ್ ಕೂರುವ ಜಾಗಕ್ಕೂ ನಡುವಿನ ಅಂತರ) ಪರೀಕ್ಷೆ ಮಾಡಿಸಿ. ಬೋಲ್ಟ್ ಹೆಡ್ (ಬೋಲ್ಟಿನ ಮುಂತುದಿ) ಮೇಲೆ 0ಯಿಂದ 3ರವರೆಗಿನ ಒಂದು ನಂಬರ್ ಇರುತ್ತದೆ. ಆ ನಂಬರನ್ನೇ ನಂಬಬೇಡಿ, ಗೇಜ್ ಹಾಕಿಸಿ.

ಇನ್ನೊಬ್ಬರ ಉತ್ತರ:
ಒಂದು ಮಾತು ಸೇರಿಸುತ್ತೇನೆ. ಹಳೇ ಮಿಲಿಟರಿ ತೋಟಾದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಭಾಗ) ಉರಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ. ಸುಮ್ನೆ ಎಣ್ಣೆ ಒರೆಸಿದರೆ ಅದು ಕರಗುವುದಿಲ್ಲ, ಒಳಗೇ ತುಕ್ಕು ಹಿಡಿಸುತ್ತದೆ. ಕೊಳವೆ ಇಟ್ಟು ಕುದಿಯುವ ನೀರು ಹರಿಸಿ, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ. ಹೊಡೆದ ದಿನವೇ ಮಾಡಿ.

ಇಲ್ಲಿ ಭಾರತದ ಇಶಾಪುರ ಕಾರ್ಖಾನೆಯ 2ಎ, 2ಎ1 ರೈಫಲ್ ಇಟ್ಟುಕೊಂಡವರೂ ಇರಬಹುದು. ನೋಡಲು ತ್ರೀ ನಾಟ್ ತ್ರೀ ಥರವೇ ಇದ್ದರೂ ಅವು 7.62 ನೇಟೋ ತೋಟಾದವು. ಅದಲುಬದಲು ಮಾಡಬೇಡಿ. ಭಾರತದ ಕಾಡಿನಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಈ ಚರ್ಚೆ ಅಲ್ಲಿಗೆ ಅಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಗನ್‌ಸ್ಮಿತ್ ಹತ್ತಿರ ಹೋಗಿದ್ದೆ. ಫೀಲ್ಡ್ ಗೇಜ್ (ಗರಿಷ್ಠ ಅಂತರದ ಅಳತೆ) ಮೇಲೆ ಬೋಲ್ಟ್ ಮುಚ್ಚಲಿಲ್ಲ, ಅಂದರೆ ಹೆಡ್‌ಸ್ಪೇಸ್ ಸರಿ ಇದೆ. 180 ಗ್ರೇನ್ ಮೂರು ಇಂಚಿಗೆ ಬಂತು! ಆದರೆ ಐದೂ ಗುಂಡು ಗುರಿಗಿಂತ ನಾಲ್ಕು ಇಂಚು ಮೇಲೆ ಬಿದ್ದವು.

ಉತ್ತರ:
ನಿಮ್ಮದು ಮಗುಚುವ ಹಿಂಬದಿ ಸೈಟ್ ಅಲ್ವಾ? ಅದರಲ್ಲಿ 300 ಮತ್ತು 600 ಗಜ ಎರಡೇ. 300ರಲ್ಲಿ ಇಟ್ಟು 100 ಗಜಕ್ಕೆ ಹೊಡೆದರೆ ಮೇಲೆ ಹೋಗುವುದು ಸಹಜ. ಈಗಿರುವುದಕ್ಕಿಂತ ಎರಡು ಮೆಟ್ಟಿಲು ಎತ್ತರದ ಮುಂಬದಿ ಬ್ಲೇಡ್ (ನಳಿಗೆ ತುದಿಯ ಸೈಟ್) ಹಾಕಿಸಿ. ಒಂದು ಮೆಟ್ಟಿಲು ಅಂದರೆ 0.015 ಇಂಚು, ಅದಕ್ಕೆ 100 ಗಜದಲ್ಲಿ ಸುಮಾರು ಎರಡು ಇಂಚು ಕೆಳಗಿಳಿಯುತ್ತದೆ. ಆಮೇಲೆ ಅದೇ ಪೆಟ್ಟಿಗೆಯ ತೋಟಾದಲ್ಲಿ ಇನ್ನೊಮ್ಮೆ ಹೊಡೆದು ನೋಡಿ. ಈ ಸೀಸನ್‌ಗೆ 100 ಗಜ ದಾಟಿ ಕುದುರೆ ಎಳೆಯಬೇಡಿ.