ರಾತ್ರಿಯಿಡೀ ನಡೆಯುವ ಪಾರಿಜಾತದ ಆಟ ಯೂಟ್ಯೂಬಿಗೆ: ಧ್ವನಿ, ಕ್ಲೇಮು, ರೊಕ್ಕ

ಮುಧೋಳ_ಹಿಮ್ಮೇಳ

ಮುಧೋಳ ತಾಲ್ಲೂಕಿನ ಒಂದು ಶ್ರೀಕೃಷ್ಣ ಪಾರಿಜಾತ (ರಾತ್ರಿಯಿಡೀ ಹಾಡಿ ಆಡುವ ಬಯಲಾಟ) ಮೇಳದ ಯೂಟ್ಯೂಬ್ ಚಾನಲ್ ವಿಚಾರ. ತಿಳಿದವರು ಹೇಳಬೇಕು.

ಮೇಳದಲ್ಲಿ 11 ಮಂದಿ. ಆಟ ರಾತ್ರಿ 10ಕ್ಕೆ ಹತ್ತಿದರೆ ಬೆಳಗಿನ 4ರ ತನಕ. ಸ್ಟ್ಯಾಂಡಿಗೆ ಸಿಗಿಸಿದ ಒಂದೇ ಮೊಬೈಲಿನಲ್ಲಿ ಚಿತ್ರ, ಅದರದೇ ಮೈಕಿನಲ್ಲಿ ಧ್ವನಿ. 640 ಚಂದಾದಾರರು, ಹಿಂದಿನ 12 ತಿಂಗಳಲ್ಲಿ 1,900 ಗಂಟೆ ವೀಕ್ಷಣೆ.

ಸತ್ಯಭಾಮೆ ಏರುದನಿಯಲ್ಲಿ ಹಾಡಿದ ಕೂಡಲೇ ಧ್ವನಿ ಒಡೆಯುತ್ತದೆ, ಭಾಗವತರ ಮಾತು ಗುಂಯ್ ಅನ್ನುವುದರಲ್ಲಿ ಮುಳುಗುತ್ತದೆ. ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಇದು ಒಂದು. ಎರಡು, ತಲೆಮಾರುಗಳಿಂದ ಹಾಡಿಕೊಂಡು ಬಂದ ಪದಕ್ಕೆ ಒಂದು ಆಡಿಯೊ ಕಂಪನಿಯಿಂದ ಕಾಪಿರೈಟ್ ಕ್ಲೇಮ್ ಬಂದಿದೆ. ಮೂರು, ಮುಂದಿನ ಸಾಲಿನಲ್ಲಿ ಕೂತವರು ಕೃಷ್ಣ ಮತ್ತು ದೂತಿಯ ಜಗಳದ ಒಂದು ನಿಮಿಷ ಹಾಕಿದರೆ ಲಕ್ಷಗಟ್ಟಲೆ ಮಂದಿ ನೋಡುತ್ತಾರೆ, ಮೇಳದ ಆರು ಗಂಟೆಯ ವಿಡಿಯೊ ಕೇಳುವವರಿಲ್ಲ. ರೊಕ್ಕದ ದಾರಿ ಯಾವುದು? ಬಂದರೆ ಯಾರ ಖಾತೆಗೆ?

ಜಮಖಂಡಿ_ಮಿಕ್ಸರ್

ಪಟ್ಟಿ ವಿಷಯ ಮೊದಲ ಮುಗಸೂಣು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ಫೋಕಸ್ ಸೆಕೆಂಡಿಗೆ 100 ಸಲ ಮಿಣುಕತೈತಿ. ಮೊಬೈಲ್ ತನ್ನ ಪಾಡಿಗೆ ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡ್ ಶಟರ್ (ಒಂದು ಫ್ರೇಮಿಗೆ ಬೆಳಕು ಹಿಡಿಯೋ ಹೊತ್ತು) ಹಿಡಕೊಂಡು ಕುಂತಿರತೈತಿ. ಎರಡಕ್ಕೂ ತಾಳ ಕೂಡೂದಿಲ್ಲ. 25 ಫ್ರೇಮ್, ಶಟರ್ 1/50 ಇಡ್ರಿ. ಮೊಬೈಲಿನ ಸ್ವಂತ ಕ್ಯಾಮೆರಾದಾಗ ಅದು ಸಿಗಲಿಲ್ಲಂದ್ರ ಕೈಯಿಂದ ಶಟರ್ ಹಿಡಿಯೋ ಆ್ಯಪ್ ಹಾಕ್ರಿ. ಜನರೇಟರ್ ಮ್ಯಾಲ ಆಟ ನಡದಿದ್ರ 50 ಹರ್ಟ್ಸ್ ಗಟ್ಟಿ ನಿಲ್ಲೂದಿಲ್ಲ. ಆವಾಗ ಪರದೆ ನೋಡಕೋತ ಶಟರ್ ಸ್ವಲ್ಪ ಸ್ವಲ್ಪ ಸರಸಿ ಪಟ್ಟಿ ನಿಂತ ಕಡೆ ಬಿಡ್ರಿ. ಮುಖದ ಮ್ಯಾಲ ಬೆರಳು ಒತ್ತಿ ಬೆಳಕು, ಫೋಕಸ್ ಎರಡೂ ಲಾಕ್ ಮಾಡ್ರಿ. ಇಲ್ಲಾಂದ್ರ ಕರೀ ಪರದೆ ನೋಡಿ ಮೊಬೈಲ್ ಬೆಳಕು ಏರಸತೈತಿ, ಬಣ್ಣ ಹಚ್ಚಿದ ಮುಖ ಸುಣ್ಣದ ಗ್ವಾಡಿ ಆಗತೈತಿ.

ಈಗ ಧ್ವನಿ. ನಿಮ್ಮ ಮೊಬೈಲ್ ಕೇಳೂದು ಹಾಡವರನ್ನಲ್ಲ, ಸ್ಪೀಕರನ್ನ. ಅದರ ಮ್ಯಾಲ ಅದು ತಾನಾಗೇ ಲೆವಲ್ ಏರಸಿ ಇಳಸತೈತಿ, ಹಂಗಾಗಿ ಸುಮ್ಮನಿದ್ದಾಗ ಗುಂಯ್ ಮ್ಯಾಲ ಬರತೈತಿ, ಏರುದನಿಗೆ ಒಡೀತೈತಿ. ಧ್ವನಿ ಮಿಕ್ಸರಿನಿಂದನ (ಸೌಂಡಿನವರ ಎಲ್ಲಾ ಮೈಕ್ ಕೂಡೋ ಪೆಟ್ಟಿಗಿ) ತಗೋರಿ. ಹಿಂದ ‘ರೆಕ್ ಔಟ್’ ಅಥವಾ ‘ಟೇಪ್ ಔಟ್’ ಅಂತ ಎರಡು ತೂತು ಇರತಾವ. ಅಲ್ಲಿಂದ ಸಣ್ಣ ರೆಕಾರ್ಡರಿನ ‘ಲೈನ್ ಇನ್’ಗೆ ವಯರ್. ಅದನ್ನ ಮೈಕಿನ ತೂತಿಗೆ ಹಾಕಿದ್ರ ಕೆಲಸ ಕೆಟ್ಟಂಗ. ಲೈನಿನ ಜೋರು ಮೈಕಿಗಿಂತ ಎಷ್ಟೋ ಪಟ್ಟು ಹೆಚ್ಚು, ಗೇನ್ (ಧ್ವನಿ ಏರಸೋ ತಿರುವು) ಸೊನ್ನಿಗೆ ಇಳಿಸಿದ್ರೂ ಒಡದ ಧ್ವನಿನ ಬರತೈತಿ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಇಡ್ರಿ.

ಲೆವಲ್ ಹಾಕೂಮುಂದ ‘ಹಲೋ ಹಲೋ, ಮೈಕ್ ಚೆಕ್’ ನಂಬಬ್ಯಾಡ್ರಿ. ಸತ್ಯಭಾಮೆ ಪಾತ್ರದವರಿಂದ ಎಲ್ಲಕ್ಕಿಂತ ಏರಿನ ಒಂದು ಸಾಲು ಹಾಡಸ್ರಿ, ಅದು ರೆಕಾರ್ಡರಿನ ಮೀಟರಿನಾಗ ಮೈನಸ್ 12 ಡಿಬಿ ಮುಟ್ಟೂವಂಗ ಇಡ್ರಿ, ಸೊನ್ನಿ ದಾಟಿದ್ರ ಒಡೀತೈತಿ. ನಡುರಾತ್ರಿ ಮ್ಯಾಲ ಆಪರೇಟರ್ ಮಾಸ್ಟರ್ (ಮಿಕ್ಸರಿನ ಒಟ್ಟು ಧ್ವನಿ) ಏರಸೂದು ಗ್ಯಾರಂಟಿ, ಆ ಜಾಗಾ ಉಳಿದಿರಬೇಕು. 32 ಬಿಟ್ ಫ್ಲೋಟ್ ರೆಕಾರ್ಡರ್ ಐತಿ, ಏನೂ ಒಡಿಯೂದಿಲ್ಲ ಅಂತ ಕೆಲವರು ಹೇಳತಾರ. ಮಿಕ್ಸರಿನೊಳಗ ಒಡದದ್ದನ್ನ ಯಾವ ರೆಕಾರ್ಡರೂ ಕೂಡಸೂದಿಲ್ಲ. ಕೆಂಪು ಲೈಟ್ ಮಿಕ್ಸರಿನಾಗ ಹತ್ತಬಾರದು.

ಮಿಕ್ಸರ್ ಧ್ವನಿ ಒಂದನ್ನ ಹಾಕಿದ್ರೂ ತಪ್ಪು. ಹಾರ್ಮೋನಿಯಂ, ತಾಳ ಮೈಕಿಲ್ಲದನ ಕೇಳತಾವಂತ ಆಪರೇಟರ್ ಅವನ್ನ ತಗ್ಗಿಸಿರತಾನ. ರೆಕಾರ್ಡಿಂಗಿನಾಗ ಹಿಮ್ಮೇಳನ ಇರೂದಿಲ್ಲ. ಎರಡನೇ ರೆಕಾರ್ಡರ್ ಹಿಮ್ಮೇಳದಿಂದ 3 ಮೀಟರಿನಾಗ, ಸ್ಪೀಕರಿಗೆ ಬೆನ್ನ ಮಾಡಿ ಇಡ್ರಿ. ಆಮ್ಯಾಲ ಎರಡೂ ಕೂಡಸಿ, ಮಿಕ್ಸರಿಂದ ಮಾತು, ಇದರಿಂದ ವಾದ್ಯ ಮತ್ತು ಮಂದಿ ನಗು.

ಕೂಡಸೂದಕ್ಕ ಆಟದ ಮೊದಲ ಎಲ್ಲಾ ರೆಕಾರ್ಡಿಂಗ್ ಚಾಲೂ ಮಾಡಿ ಮೈಕಿನ ಮುಂದ ಒಂದು ಚಪ್ಪಾಳೆ ಹೊಡೀರಿ, ಕಡೀಕ ಮತ್ತೊಂದು. ಎರಡು ಯಂತ್ರದ ಗಡಿಯಾರ ಒಂದ ಚಾಲಿನಾಗ ಓಡೂದಿಲ್ಲ. ಮೊದಲ ಗಂಟೆ ಸರಿ ಕಂಡದ್ದು ಬೆಳಗಾಗೂದ್ರಾಗ ತುಟಿಗೂ ಮಾತಿಗೂ ಹೊಂದೂದಿಲ್ಲ. ಪ್ರವೇಶಕ್ಕೊಂದು ಕಡದು, ಕಡದಲ್ಲೆ ಮತ್ತ ಹೊಂದಸ್ರಿ.

ಗುಂಯ್ ಇನ್ನೂ ಉಳದ್ರ ಅದು ಅರ್ಥಿಂಗಿನ ಕಾಟ. ರೆಕಾರ್ಡರಿಗೆ ಚಾರ್ಜರ್ ಹಚ್ಚಬ್ಯಾಡ್ರಿ, ಪವರ್ ಬ್ಯಾಂಕ್ ಹಚ್ಚರಿ. ಅರ್ಧಕ್ಕರ್ಧ ಸಲ ಇಷ್ಟಕ್ಕ ಹೋಗತೈತಿ.

ಜಾಗಾ: ಸೆಕೆಂಡಿಗೆ 17 ಮೆಗಾಬಿಟ್‌ನಾಗ 1080 ವಿಡಿಯೊ ಹಿಡದ್ರ ತಾಸಿಗೆ ಸುಮಾರು 7.6 ಜಿಬಿ, ಆರು ತಾಸಿಗೆ 46. ಮೊಬೈಲಿನಾಗ ಖಾಲಿ ಜಾಗಾ 60 ಜಿಬಿಗಿಂತ ಕಡಿಮಿ ಇದ್ರ ಕೊರವಂಜಿ ಪ್ರವೇಶ ಬರೂದ್ರಾಗ ರೆಕಾರ್ಡಿಂಗ್ ಬಂದ್ ಬೀಳತೈತಿ.

ಗೋಕಾಕ_ಕರದಂಟು

ಕ್ಲೇಮ್ ಬಗ್ಗೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಗಾಬರಿಯಾಗಿ ವಿಡಿಯೊ ಅಳಿಸಬೇಡಿ. ಕ್ಲೇಮ್ ಎಂದರೆ ಆ ವಿಡಿಯೊದ ಜಾಹೀರಾತು ಹಣ ಬೇರೆಯವರಿಗೆ ಹೋಗಬಹುದು, ಅಥವಾ ವಿಡಿಯೊ ತಡೆಹಿಡಿಯಬಹುದು. ಸ್ಟ್ರೈಕ್ ಚಾನಲ್ ಮೇಲೆ ಬೀಳುತ್ತದೆ, 90 ದಿನದೊಳಗೆ ಮೂರಾದರೆ ಚಾನಲ್ಲೇ ಹೋಗಬಹುದು.

ಕ್ಲೇಮ್ ಯಾವ ನಿಮಿಷದಿಂದ ಯಾವ ನಿಮಿಷಕ್ಕೆ ಎಂದು ಯೂಟ್ಯೂಬ್ ಸ್ಟುಡಿಯೊ ತೋರಿಸುತ್ತದೆ, ಮೊದಲು ಅಲ್ಲಿ ಕೇಳಿ ನೋಡಿ. ಬಹಳ ಸಲ ಅಲ್ಲಿರುವುದು ಪದವಲ್ಲ. ಆಟದ ನಡುವೆ ಸೌಂಡಿನವರು ಹಾಕಿದ ಸಿನಿಮಾ ಹಾಡು, ಇಲ್ಲವೇ ಪಕ್ಕದ ಗುಡಿಯ ಸ್ಪೀಕರಿನ ಭಕ್ತಿಗೀತೆ. ಹಾಗಿದ್ದರೆ ವಾದ ಬೇಡ, ಅಲ್ಲಿಯೇ ಆ ತುಂಡನ್ನು ಕತ್ತರಿಸಬಹುದು ಅಥವಾ ಮೌನ ಮಾಡಬಹುದು. ಕ್ಲೇಮ್ ತಾನಾಗಿ ಇಳಿಯುತ್ತದೆ.

ನಿಜಕ್ಕೂ ನಿಮ್ಮ ಪದವೇ ಆಗಿದ್ದರೆ: ಪಾರಿಜಾತ ಅಪರಾಳ ತಮ್ಮಣ್ಣನ ರಚನೆ, ನಮ್ಮ ಕಡೆ ಅದನ್ನು ಆಟವಾಗಿ ಬೆಳೆಸಿದ್ದು ಕುಲಗೋಡ ತಮ್ಮಣ್ಣ. ಸಾಹಿತ್ಯದ ಕಾಪಿರೈಟ್ ಕರ್ತೃ ತೀರಿದ ಮೇಲೆ 60 ವರ್ಷ. ಅದು ಮುಗಿದು ಎಷ್ಟೋ ಕಾಲವಾಯಿತು. ಕಂಪನಿಗೆ ಹಕ್ಕಿರುವುದು ಅದು ಮಾಡಿಸಿದ ಧ್ವನಿಮುದ್ರಣದ ಮೇಲೆ, ಪದದ ಮೇಲಲ್ಲ. ಯೂಟ್ಯೂಬಿನ ಯಂತ್ರ ಧಾಟಿಯನ್ನೂ ಹೋಲಿಸುವುದರಿಂದ ಅದೇ ಧಾಟಿಯ ನಿಮ್ಮ ಹಾಡಿಗೂ ಕೈ ಹಾಕುತ್ತದೆ. ತಕರಾರು ಸಲ್ಲಿಸಿ. ಬರೆಯುವುದು ಇಷ್ಟೇ: ರಚನೆ ಸಾರ್ವಜನಿಕ ಸ್ವತ್ತು, ಹಾಡಿದವರು ನಮ್ಮ ಮೇಳದವರು, ಇಂಥ ದಿನ ಇಂಥ ಊರಲ್ಲಿ ನಾವೇ ಮುದ್ರಿಸಿದ್ದು. ಎದುರಿನವರಿಗೆ 30 ದಿನ, ಉತ್ತರ ಬರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಹಣ ಬರುವ ಚಾನಲ್ ಆದರೆ ಕ್ಲೇಮ್ ಬಂದ 5 ದಿನದೊಳಗೇ ತಕರಾರು ಹಾಕಬೇಕು, ಆಗ ಮೊದಲ ದಿನದಿಂದ ಹಣ ತಡೆದಿಡುತ್ತಾರೆ. ಅವರು ತಳ್ಳಿಹಾಕಿದರೆ ಮೇಲ್ಮನವಿ ಉಂಟು. ಆದರೆ ಆ ಹಂತದಲ್ಲಿ ಅವರು ವಿಡಿಯೊ ತೆಗೆಸಿದರೆ ಸ್ಟ್ರೈಕ್ ಬರುತ್ತದೆ. ಆದ್ದರಿಂದ ದೂತಿಯ ಹೊಸ ನಗೆಮಾತು, ಈಗಿನವರು ಯಾರೋ ಕಟ್ಟಿಕೊಟ್ಟ ಪದ ಅದರಲ್ಲಿ ಸೇರಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಳೆಯ ಕಥೆಯೊಳಗೆ ಸೇರಿಸಿದ ಹೊಸ ಮಾತಿಗೆ ಬರೆದವರ ಹಕ್ಕು ಇದ್ದೇ ಇರುತ್ತದೆ.

ಈ ಜಗಳದಲ್ಲಿ ಎಲ್ಲರೂ ಮರೆಯುವುದು ಕಲಾವಿದರನ್ನು. 1957ರ ಕಾಪಿರೈಟ್ ಕಾಯ್ದೆಯಲ್ಲಿ ಆಡಿದವರಿಗೇ ಪ್ರದರ್ಶಕರ ಹಕ್ಕು ಇದೆ, 50 ವರ್ಷ. 11 ಮಂದಿಯಿಂದಲೂ ಒಂದು ಹಾಳೆಯ ಒಪ್ಪಿಗೆ ಬರೆಸಿ: ಯಾವ ಆಟ, ಯಾವ ದಿನ, ಯಾವ ಚಾನಲ್, ಎಷ್ಟು ವರ್ಷ, ಬಂದ ಹಣದಲ್ಲಿ ಯಾರಿಗೆ ಎಷ್ಟು ಪಾಲು. ಯಾವುದಾದರೂ ಕಂಪನಿಗೆ ಬರೆದುಕೊಡುವಾಗಲೂ ಅವಧಿ ನೋಡಿ. ಕಾಗದದಲ್ಲಿ ಅವಧಿ ಇಲ್ಲದಿದ್ದರೆ ಕಾಯ್ದೆ ಪ್ರಕಾರ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕೆಲವು ಕಾಗದಗಳಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಆ ಸಾಲು ಹೊಡೆದುಹಾಕಿಸದೆ ಸಹಿ ಬೇಡ.

ಮುಧೋಳ_ಹಿಮ್ಮೇಳ

ಧ್ವನಿ, ಕ್ಲೇಮು ಎರಡೂ ತಿಳಿಯಿತು. ಕ್ಲೇಮ್ ಬಂದ ಜಾಗ ಕೇಳಿದರೆ ಪದವೇ, ಸಿನಿಮಾ ಹಾಡಲ್ಲ. ತಕರಾರು ಹಾಕುವುದು ಖಚಿತ. ತುಣುಕು ಮತ್ತು ಖಾತೆ ವಿಚಾರ ಉಳಿಯಿತು. ಬನಶಂಕರಿ ಜಾತ್ರೆಯಿಂದ ಲೈವ್ ಬಿಟ್ಟರೆ ಗಂಟೆ ಬೇಗ ತುಂಬುತ್ತವೆಯೇ?

ವಿಜಾಪುರ_ಬಿಳಿಜೋಳ

ಲೈವ್ ಬ್ಯಾಡ್ರಿ. ಬನದ ಹುಣ್ಣಿವಿ ಮುಂದ ಬನಶಂಕರಿ ಗುಡಿ ಇರೋ ಚೊಳಚಗುಡ್ಡದಾಗ ಅಷ್ಟು ಮಂದಿ, ಅಷ್ಟು ನಾಟಕ ಕಂಪನಿ. ಎಲ್ಲಾರ ಮೊಬೈಲೂ ಒಂದ ಟವರಿಗೆ ಜೋತುಬಿದ್ದಿರ್ತಾವ. ಹಗಲ ಹೊತ್ತು ಪರೀಕ್ಷಾ ಮಾಡಿದ್ದು ರಾತ್ರಿಗೆ ಲೆಕ್ಕಕ್ಕಿಲ್ಲ. ರೆಕಾರ್ಡ್ ಮಾಡಿ, ನಾಕು ದಿನ ಬಿಟ್ಟು ಪ್ರೀಮಿಯರ್ (ಮೊದಲ ಹೇಳಿದ ಹೊತ್ತಿಗೆ ಎಲ್ಲಾರಿಗೂ ಒಮ್ಮೆಲೆ ತೋರಸೂದು) ಇಡ್ರಿ.

ಲೆಕ್ಕ ನೋಡ್ರಿ. ಪೂರಾ ಜಾಹೀರಾತು ಹಣಕ್ಕ 1,000 ಚಂದಾದಾರರು ಮತ್ತ 12 ತಿಂಗಳಿನಾಗ 4,000 ಗಂಟೆ, ಇಲ್ಲಾ 90 ದಿನದಾಗ ಶಾರ್ಟ್ಸಿಗೆ 1 ಕೋಟಿ ನೋಟ (ವ್ಯೂಸ್). ಅದರ ಕೆಳಗಿನ ಮೆಟ್ಟಲಾ 500 ಚಂದಾದಾರರು, 90 ದಿನದಾಗ 3 ವಿಡಿಯೊ, 3,000 ಗಂಟೆ. ಅಲ್ಲಿ ಜಾಹೀರಾತಿಲ್ಲ, ಮೆಂಬರ್‌ಶಿಪ್, ಸೂಪರ್ ಥ್ಯಾಂಕ್ಸ್ (ನೋಡೋ ಮಂದಿ ಕೊಡೋ ಕಾಣಿಕಿ) ಅಷ್ಟ. ಈ ಮೆಟ್ಟಲಿಗೆ ನಿಮಗ ಕಡಿಮಿ ಬಿದ್ದದ್ದು 1,100 ಗಂಟೆ, ಅಂದ್ರ 66,000 ನಿಮಿಷ. ಒಬ್ಬರು ಸರಾಸರಿ 6 ನಿಮಿಷ ನೋಡಿದ್ರ 11,000 ನೋಟ ಸಾಕು. ಶಾರ್ಟ್ಸ್ ಫೀಡಿನಾಗ ನೋಡಿದ್ದು ಈ ಗಂಟ್ಯಾಗ ಸೇರೂದಿಲ್ಲ. ಹಳೀ ವಿಡಿಯೊ ಪ್ರೈವೇಟ್ ಮಾಡಿದ್ರ ಅದರ ಗಂಟೆನೂ ಹೋಗ್ತಾವ.

ಆರು ತಾಸಿಂದು ಒಂದ ವಿಡಿಯೊ ಯಾರೂ ನೋಡಂಗಿಲ್ಲ. ಪ್ರವೇಶಕ್ಕೊಂದು ಕಡೀರಿ, 15ರಿಂದ 25 ನಿಮಿಷ. 8 ನಿಮಿಷ ದಾಟಿದ್ರ ನಡುವ ಜಾಹೀರಾತು ಹಾಕಾಕ ಬರ್ತದ. ಹೆಸರಿನಾಗ ‘ಭಾಗ 4’ ಅಂತ ಬರೀಬ್ಯಾಡ್ರಿ, ‘ಕೃಷ್ಣನ ಬಾಗಿಲಾಗ ದೂತಿ’ ಅಂತ ಬರೀರಿ. ಮಂದಿ ಹುಡುಕೂದು ಪಾತ್ರದ ಹೆಸರಿನಿಂದ. ದೂತಿ ಜಗಳದ ಒಂದು ನಿಮಿಷ ನೀವ ಶಾರ್ಟ್ಸಿಗೆ ಹಾಕಿ, ‘ಸಂಬಂಧಿತ ವಿಡಿಯೊ’ ಜಾಗಾದಾಗ ಪೂರಾ ಪ್ರವೇಶದ ಕೊಂಡಿ ಇಡ್ರಿ. ಈ ತುಣುಕು ಆಟ ಮುಗದ ಮರುದಿನ ಮುಂಜಾನೆನ ಹಾಕಬೇಕು, ಕೊಂಡಿ ಪೂರಾ ಪ್ರವೇಶ ಬಂದಮ್ಯಾಲ. ಮುಂದಿನ ಸಾಲಿನವರು ರಾತ್ರಿನ ಹಾಕಿರ್ತಾರ, ವಾರ ಬಿಟ್ಟು ನೀವು ಹಾಕಿದ್ದು ನಕಲು ಕಂಡಂಗ ಕಾಣ್ತದ. ಅವರ ಮ್ಯಾಲ ಸ್ಟ್ರೈಕ್ ಕಳಸ್ಬೇಕೋ ಬ್ಯಾಡೋ ನಿಮಗ ಬಿಟ್ಟದ್ದು. ನನ್ನ ಕೇಳಿದ್ರ, ಮೇಳದ ಹೆಸರು ಮತ್ತ ಚಾನಲ್ ಹೆಸರು ಹಾಕ್ರಿ ಅಂತ ಕಾಮೆಂಟಿನಾಗ ಹೇಳೂದ ಹೆಚ್ಚು ಲಾಭ. ಹಿಂದಿನ ಪರದೆ ಮ್ಯಾಲ ದೊಡ್ಡ ಅಕ್ಷರದಾಗ ಚಾನಲ್ ಹೆಸರು ಬರಸ್ರಿ, ಯಾರ ಮೊಬೈಲಿನಾಗ ಬಂದ್ರೂ ಅದು ಬರ್ತದ.

ಖಾತೆ: ಮೇಳ ನೋಂದಣಿ ಆಗಿದ್ರ ಮೇಳದ ಪ್ಯಾನ್, ಮೇಳದ ಬ್ಯಾಂಕ್ ಖಾತೆ. ಒಬ್ಬರ ಹೆಸರಿನಾಗ ಹಾಕಿದ್ರ 11 ಮಂದಿ ರೊಕ್ಕ ಪೂರಾ ಅವರ ಆದಾಯ ಅಂತ ಕಾಣ್ತದ. ಆ್ಯಡ್‌ಸೆನ್ಸಿನಾಗಿನ (ಗೂಗಲ್ ಹಣ ಕೊಡೋ ಖಾತೆ) ಹೆಸರು ಬ್ಯಾಂಕಿನ ಹೆಸರಿಗೆ ಅಕ್ಷರಕ್ಕ ಅಕ್ಷರ ಹೊಂದಬೇಕು. 10 ಡಾಲರ್ ಆದಮ್ಯಾಲ ವಿಳಾಸ ಖಾತ್ರಿಗೆ ಪಿನ್ ಬರೆದ ಕಾಗದ ಅಂಚ್ಯಾಗ ಬರ್ತದ, 2ರಿಂದ 4 ವಾರ. ಹಳ್ಳಿ ವಿಳಾಸದಾಗ ಅಂಚೆ ಕಚೇರಿ ಹೆಸರು, ಪಿನ್‌ಕೋಡ್ ಬಿಡಬ್ಯಾಡ್ರಿ, ಅಂಚೆಯವರಿಗೂ ಮೊದಲ ಒಂದು ಮಾತು ಹೇಳಿಡ್ರಿ. ಹಣ ಬಿಡೂದು 100 ಡಾಲರ್ ಆದಮ್ಯಾಲ, ತಿಂಗಳ 21ರಿಂದ 26ರ ನಡುವ. ಬ್ಯಾಂಕಿಗೆ ಸ್ವಿಫ್ಟ್ ಕೋಡ್ (ವಿದೇಶದ ಹಣ ಬರಾಕ ಬ್ಯಾಂಕಿನ ಗುರುತು) ಬೇಕು. ಸಣ್ಣ ಸಹಕಾರಿ ಬ್ಯಾಂಕಿನಾಗ ಖಾತೆ ಇದ್ರ ಬಹಳ ಕಡೆ ಇರಂಗಿಲ್ಲ, ದೊಡ್ಡ ಬ್ಯಾಂಕಿನ ಶಾಖೆ ಆದ್ರ ವಿದೇಶಿ ವಿನಿಮಯ ನೋಡೋ ಮುಖ್ಯ ಶಾಖೆಯ ಕೋಡ್ ಕೇಳಿ ತಗೋರಿ. ಅಮೆರಿಕಾದ ತೆರಿಗೆ ಫಾರ್ಮು ತುಂಬೂದು ಮರೀಬ್ಯಾಡ್ರಿ. ವ್ಯಕ್ತಿಗೆ ಡಬ್ಲ್ಯು-8 ಬೆನ್, ಸಂಘಕ್ಕ ಡಬ್ಲ್ಯು-8 ಬೆನ್-ಇ. ಒಬ್ಬರ ಹೆಸರಿನ ಖಾತೆದಾಗ ತುಂಬದ ಬಿಟ್ರ ಒಟ್ಟು ಗಳಿಕಿ ಮ್ಯಾಲ 24 ಪರ್ಸೆಂಟ್ ತನಕ ಮುರಿತಾರ. ತುಂಬಿ ಪ್ಯಾನ್ ಕೊಟ್ಟು ಭಾರತ-ಅಮೆರಿಕಾ ತೆರಿಗೆ ಒಪ್ಪಂದದ ಲಾಭ ಕೇಳಿದ್ರ ಅಮೆರಿಕಾದಾಗ ನೋಡಿದವರಿಂದ ಬಂದಷ್ಟಕ್ಕ ಮಾತ್ರ 15.

ಜಮಖಂಡಿ_ಮಿಕ್ಸರ್

ಪರದೆ ಮ್ಯಾಲ ಹೆಸರು ಬರಸೂದಿದ್ರ ಮಿಂಚೋ ಬಟ್ಟಿ, ಫ್ಲೆಕ್ಸ್ ಬ್ಯಾಡ, ಫೋಕಸ್ ಬಿದ್ದು ಅಕ್ಷರ ಅಳಿಸಿಹೋಗತಾವ. ಕರೀ ಬಟ್ಟಿ ಮ್ಯಾಲ ಹಳದಿ ಬಣ್ಣ, ಪಾತ್ರದವರ ತಲಿಗಿಂತ ಮ್ಯಾಲ. ಕೆಳಗ ಬರದ್ರ ಸತ್ಯಭಾಮೆ ನಿಂತಕೂಡಲೆ ಮುಚ್ಚತೈತಿ.