‘ಬೇಕರ್ಸ್ ಸಿಸ್ಟ್’ಗೆ ‘ಗಡ್ಡೆ’ ಎನ್ನಬಹುದೇ?

ಪ್ರಶ್ನೆ: ಮಲೆನಾಡಿನಲ್ಲಿ ಅಡಿಕೆ ಸುಲಿಯುವವರಿಗಾಗಿ ಮಂಡಿನೋವಿನ ಬಗ್ಗೆ ಕರಪತ್ರ ಸಿದ್ಧವಾಗುತ್ತಿದೆ. ‘ಬೇಕರ್ಸ್ ಸಿಸ್ಟ್’ಗೆ ಕರಡಿನಲ್ಲಿ ‘ಮಂಡಿಯ ಹಿಂಭಾಗದ ಗಟ್ಟಿ ಗಡ್ಡೆ’ ಎಂದಿದೆ. ಶಿವಮೊಗ್ಗ ಕಡೆಯವರಿಗೆ ಇದು ಸರಿಹೋದೀತೇ? ‘ಕೋಶ’ ಆಗಬಹುದೇ?

ಉತ್ತರ: ‘ಗಡ್ಡೆ’ ಖಂಡಿತ ಬೇಡ ಮೇಡಂ. ಆ ಪದ ಕಂಡರೆ ಜನ ಕ್ಯಾನ್ಸರ್ ಎಂದೇ ಹೆದರುತ್ತಾರೆ. ‘ಕೋಶ’ ಜೀವಕೋಶಕ್ಕೆ ಮೀಸಲಾಗಿಬಿಟ್ಟಿದೆ. ‘ಗುಳ್ಳೆ’ ಎಂದರೆ ಚರ್ಮದ ಮೇಲಿನದು, ಸೂಜಿಯಲ್ಲಿ ಚುಚ್ಚಿಬಿಡಬಹುದು ಅನ್ನಿಸುತ್ತದೆ. ಇದನ್ನು ಮನೆಯಲ್ಲಿ ಚುಚ್ಚಿದರೆ ಕೀಲಿಗೇ ಸೋಂಕು ತಗಲಬಹುದು.

ನನ್ನ ಮತ ‘ನೀರುಚೀಲ’ಕ್ಕೆ. ಕೀಲು ಸವೆದು ಅಥವಾ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದು ಒಳಗಿನ ದ್ರವ ಹೆಚ್ಚಾದಾಗ, ಅದು ಮಂಡಿಯ ಹಿಂದೆ ಒಳಮಗ್ಗುಲಿನ ಚೀಲಕ್ಕೆ ನುಗ್ಗುತ್ತದೆ. ಚೀಲದ ಬಾಯಿ ಒಮ್ಮುಖ ಕವಾಟದ ಹಾಗೆ, ಒಳಹೋದದ್ದು ಸಲೀಸಾಗಿ ವಾಪಸ್ ಬಾರದು. ಸಿರಿಂಜಿನಿಂದ ತೆಗೆಸಿದರೂ ಕೀಲಿನ ಮೂಲ ತೊಂದರೆ ಉಳಿದಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ. ಹೆಸರು ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಮೊರಂಟ್ ಬೇಕರ್ ಅವರದು, 1877ರ ವಿವರಣೆಯಿಂದ ಬಂದದ್ದು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಅದೇ ಇರುವುದರಿಂದ ಒಮ್ಮೆಯಾದರೂ ‘ನೀರುಚೀಲ, ಅಂದರೆ ಬೇಕರ್ಸ್ ಸಿಸ್ಟ್’ ಎಂದು ಬರೆಯಿರಿ.

‘ಗಟ್ಟಿ’ ಎಂಬ ವಿಶೇಷಣವನ್ನೂ ತಿದ್ದಬೇಕು. ಕಾಲು ನೆಟ್ಟಗೆ ಚಾಚಿದಾಗ ಉಬ್ಬು ಬಿಗಿಯಾಗುತ್ತದೆ, ಸುಮಾರು 45 ಡಿಗ್ರಿ ಮಡಿಸಿದರೆ ಮೆದುವಾಗುತ್ತದೆ, ಕೆಲವೊಮ್ಮೆ ಕೈಗೇ ಸಿಗುವುದಿಲ್ಲ. ವೈದ್ಯರು ಮೊದಲು ನೋಡುವುದೇ ಇದನ್ನು. ಹೇಗೆ ಮಡಿಸಿದರೂ ಗಟ್ಟಿಯಾಗಿಯೇ ಇದ್ದರೆ ಬೇರೆ ಕಾರಣ ಹುಡುಕಬೇಕು. ಮಿಡಿಯುತ್ತಿದ್ದರೆ ಅದು ಅಪಧಮನಿಯ ಉಬ್ಬಿರಬಹುದು. ಅಲ್ಟ್ರಾಸೌಂಡ್‌ನಲ್ಲಿ ಎರಡು ಸ್ನಾಯುಗಳ ನಡುವಿಂದ ಕೀಲಿನ ಕಡೆಗೆ ಹೋಗುವ ಚೀಲದ ಕತ್ತು ಕಂಡರೆ ನೀರುಚೀಲವೆಂಬುದು ಖಚಿತ. ರಕ್ತದ ಹರಿವು ತೋರಿಸುವ ಡಾಪ್ಲರ್ ಇಟ್ಟು ರಕ್ತನಾಳವನ್ನೂ ಆಗಲೇ ನೋಡಿಬಿಡುತ್ತಾರೆ. ಮೆನಿಸ್ಕಸ್ ಸ್ಥಿತಿ ತಿಳಿಯಲು ಎಂಆರ್‌ಐ ಬೇಕು.

ಕರಡಿನಲ್ಲಿ ‘ಒಡೆದರೆ ಭಯವಿಲ್ಲ’ ಎಂಬ ಸಾಲಿದ್ದರೆ ದಯವಿಟ್ಟು ತೆಗೆಯಿರಿ. ಒಡೆದಾಗ ದ್ರವ ಮೀನಖಂಡಕ್ಕೆ ಇಳಿದು ಕಾಲು ಊದಿ, ಕೆಂಪಾಗಿ, ನೋಯುತ್ತದೆ. ಪಾದದ ಹರಡಿನ ಒಳಬದಿ ಕಂದುಗಟ್ಟುವುದೂ ಉಂಟು. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ, ಬರಿಗಣ್ಣಿಗೆ ವ್ಯತ್ಯಾಸ ಸಿಗದು. ಹೆಪ್ಪಿದ್ದರೆ ಅದು ಕಳಚಿ ಶ್ವಾಸಕೋಶ ಸೇರುವ ಅಪಾಯವಿದೆ. ‘ಮೀನಖಂಡ ದಿಢೀರನೆ ಊದಿದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅದೇ ದಿನ ಆಸ್ಪತ್ರೆಗೆ ತೋರಿಸಿ’ ಎಂದು ದಪ್ಪಕ್ಷರದಲ್ಲಿ ಹಾಕಿಸಿ.