ಸಹಾಯ ಬೇಕು: ಲಂಡನ್ನಿನಲ್ಲಿ ಬೇಸಿಗೆ ಕೋರ್ಸು, ಜೊತೆಗೆ ಇಂಟರ್ನ್‌ಶಿಪ್

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳಿಗೆ ಲಂಡನ್ನಿನ ವಿಶ್ವವಿದ್ಯಾಲಯವೊಂದರ ಬೇಸಿಗೆ ಕೋರ್ಸಿಗೆ ಸೀಟು ಸಿಕ್ಕಿದೆ. ಅಲ್ಲಿನ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್. ನಮ್ಮಲ್ಲಿ ಮಳೆ ಹಿಡಿದು ಕೂರುವ ಕಾಲ.

ಓದಿನದು ತಲೆನೋವಿಲ್ಲ. ಮಾನ್ಯತೆ ಪಡೆದ ಸಂಸ್ಥೆಯಾದರೆ 6 ತಿಂಗಳೊಳಗಿನ ಕೋರ್ಸನ್ನು ಸಂದರ್ಶಕ ವೀಸಾದಲ್ಲೇ ಮುಗಿಸಬಹುದು. ತೊಡಕಿರುವುದು ಇಂಟರ್ನ್‌ಶಿಪ್‌ನಲ್ಲಿ. "ಸಂಬಳ ಇಲ್ಲವಲ್ಲ ಸಾರ್, ಅದೇ ವೀಸಾ ಸಾಕು" ಎಂದು ಏಜೆಂಟರೊಬ್ಬರು ಕಣ್ಣು ಮಿಟುಕಿಸದೆ ಹೇಳಿದರು. ಬ್ರಿಟನ್ ಸರ್ಕಾರದ ನಿಯಮ ಓದಿದರೆ, ಸಂಬಳ ಇರಲಿ ಬಿಡಲಿ, ಸಂದರ್ಶಕ ವೀಸಾದಲ್ಲಿ ಇಂಟರ್ನ್‌ಶಿಪ್ ಮಾಡುವಂತಿಲ್ಲ! ಅದಕ್ಕೆ 'ಗವರ್ನಮೆಂಟ್ ಆಥರೈಸ್ಡ್ ಎಕ್ಸ್‌ಚೇಂಜ್' ಎಂಬ ತಾತ್ಕಾಲಿಕ ಕೆಲಸದ ವೀಸಾ ಇದೆ. ಪ್ರಾಯೋಜಕತ್ವದ ಪತ್ರವನ್ನು ಕೆಲಸ ಕೊಡುವ ಕಂಪನಿಯಲ್ಲ, ಆ ಯೋಜನೆ ನಡೆಸುವ ಮಾನ್ಯ ಸಂಸ್ಥೆ ಕೊಡಬೇಕು.

ಈ ದಾರಿಯಲ್ಲಿ ಹೋಗಿ ಬಂದವರು ಯಾರಾದರೂ ಇದ್ದೀರಾ? ಅಂಥ ಸಂಸ್ಥೆಯನ್ನು ಹೇಗೆ ಹಿಡಿದಿರಿ, ಶುಲ್ಕ ಎಷ್ಟಾಯಿತು, ಪತ್ರ ಕೈಸೇರಲು ಎಷ್ಟು ದಿನ ಹಿಡಿಯಿತು ಎಂದು ತಿಳಿಸಿದರೆ ದೊಡ್ಡ ಉಪಕಾರ.

ವಸತಿಗೆ ಫಿಟ್ಜ್‌ರಾಯ್ ಸ್ಕ್ವೇರಿನ ಇಂಡಿಯನ್ ವೈಎಂಸಿಎ ನೋಡಿದ್ದೇವೆ. ಅಲ್ಲಿ ಉಳಿದವರು ಸಸ್ಯಾಹಾರಿ ಊಟ ಹೇಗಿದೆ ಎಂದು ಹೇಳಿ. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇದೆ ಎಂದು ಕೇಳಿಯೇ ಅವಳ ಅಜ್ಜಿಗೆ ಅರ್ಧ ಧೈರ್ಯ ಬಂದಿದೆ. ಉಳಿದರ್ಧ ಊಟದ ಮೇಲೆ ನಿಂತಿದೆ.

ಏಜೆಂಟರು ದಯವಿಟ್ಟು ಸಂಪರ್ಕಿಸಬೇಡಿ. ಇಲ್ಲಿ ನೆಟ್‌ವರ್ಕ್ ಬಂದಾಗ ಬರುತ್ತದೆ, ಆದ್ದರಿಂದ ಕರೆಗಿಂತ ಸಂದೇಶ ಮೇಲು.